ಕಂಡದ್ದು, ಕೇಳಿದ್ದು, ನಂಬಿದ್ದು

ನಮ್ಮ ಕನ್ನಡದಲ್ಲಿ ‘ಅಂತೆ’ ಎಂಬ ಒಂದು ಸಣ್ಣ ಮಾತುಂಟು. “ಹೇಮಾವತಿಗೆ ಪ್ರವಾಹ ಬಂದಿದೆ” ಎನ್ನುವವನು ಹೊಳೆಯನ್ನು ಕಂಡು ಬಂದವನು. “ಪ್ರವಾಹ ಬಂದಿದೆಯಂತೆ” ಎನ್ನುವವನು ಕಂಡವರಿಂದ ಕೇಳಿದವನು. ಕ್ರಿಯಾಪದದ ಕೊನೆಗೆ ಎರಡಕ್ಷರ ಸೇರಿದ ಮಾತ್ರದಿಂದ ಆಡುವವನ ಹೊಣೆಯ ಅಳತೆಯೇ ಬದಲಾಗುತ್ತದೆ. ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಭೇದವನ್ನು ನಮ್ಮ ಹಿರಿಯರು ಭಾಷೆಯ ಮೈಯಲ್ಲೇ ನೇಯ್ದಿಟ್ಟರು. ಆದರೆ ಸುದ್ದಿಯು ಬಾಯಿಂದ ಬಾಯಿಗೆ ಸಾಗುವಾಗ ಎಲ್ಲಕ್ಕಿಂತ ಮೊದಲು ಉದುರಿಹೋಗುವುದು ಈ ಎರಡಕ್ಷರವೇ. ಬೆಳಗ್ಗೆ ಅರಕಲಗೂಡಿನಿಂದ “ಆಯಿತಂತೆ” ಎಂದು ಹೊರಟ ಮಾತು ಮಧ್ಯಾಹ್ನ ಹೊಳೆನರಸೀಪುರಕ್ಕೆ “ಆಯಿತು” ಎಂದು ತಲುಪುತ್ತದೆ, ಸಂಜೆಗೆ ಚನ್ನರಾಯಪಟ್ಟಣದಲ್ಲಿ “ಹೀಗಾಗುವುದೆಂದು ನಾನು ಮೊದಲೇ ಹೇಳಿರಲಿಲ್ಲವೆ?” ಎಂದಾಗಿರುತ್ತದೆ. ಮೂವರಲ್ಲಿ ಯಾರೂ ಸುಳ್ಳು ಹೇಳಬೇಕೆಂದು ಹೊರಟವರಲ್ಲ. ಆದರೂ ಸುಳ್ಳು ಹುಟ್ಟಿತು.

ತರ್ಕಶಾಸ್ತ್ರವನ್ನು ರಚಿಸಿದ ಪ್ರಾಚೀನರು ಈ ಅಪಾಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ನೈಯಾಯಿಕರು ತಿಳಿವಳಿಕೆಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಹೇಳಿದರು. ಇವುಗಳಲ್ಲಿ ಶಬ್ದವೆಂದರೆ ಯಾರೋ ಆಡಿದ ಮಾತಲ್ಲ, ಆಪ್ತನ ಮಾತು. ಆಪ್ತನೆಂದರೆ ಇದ್ದುದನ್ನು ಇದ್ದಂತೆ ತಿಳಿದು, ತಿಳಿದಂತೆಯೇ ಹೇಳುವವನು. ಇಂದಿನ ಬಳಕೆಯಲ್ಲಿಯಾದರೋ ಆಪ್ತನೆಂದರೆ ನಮಗೆ ಹತ್ತಿರದವನು, ಬೇಕಾದವನು. ನಮ್ಮ ತಪ್ಪುಗಳಲ್ಲಿ ಅನೇಕವು ಈ ಎರಡು ಅರ್ಥಗಳನ್ನು ಬೆರೆಸಿದ್ದರಿಂದಲೇ ಹುಟ್ಟುವಂಥವು. ಭಾವಮೈದುನನು ಮೊಬೈಲಿಗೆ ಕಳುಹಿಸಿದ ಸುದ್ದಿಯನ್ನು ನಂಬುತ್ತೇವೆ. ಅವನು ವೈದ್ಯನೆಂದಲ್ಲ, ಭಾವಮೈದುನನೆಂದು. ಪಕ್ಷದ ನಾಯಕರ ಮಾತನ್ನು ಒಪ್ಪುತ್ತೇವೆ. ಅವರು ವಿಷಯವನ್ನು ಶೋಧಿಸಿದವರೆಂದಲ್ಲ, ನಮ್ಮವರೆಂದು. ಪ್ರೀತಿಗೆ ಯೋಗ್ಯನಾದವನು ಪ್ರಮಾಣಕ್ಕೂ ಯೋಗ್ಯನಾಗಬೇಕೆಂಬ ನಿಯಮವಿಲ್ಲ.

ಈ ವಿಚಾರವು ನಮ್ಮ ಜಿಲ್ಲೆಯವರಿಗೆ ಬರಿಯ ಶಾಸ್ತ್ರಚರ್ಚೆಯಾಗಿ ಉಳಿಯಲಿಲ್ಲ. 2025ನೆಯ ಇಸವಿ ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವವರೆಗೆ, ಸುಮಾರು ನಲವತ್ತು ದಿನಗಳಲ್ಲಿ, ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮಡಿದರೆಂಬ ವಾರ್ತೆ ಹಬ್ಬಿತು. ಮಡಿದವರಲ್ಲಿ ತರುಣ ವಯಸ್ಸಿನವರೂ ಇದ್ದುದರಿಂದ ಭೀತಿ ಇಮ್ಮಡಿಯಾಯಿತು. ಪತ್ರಿಕೆಗಳು ದಿನವೂ ಸಂಖ್ಯೆಯನ್ನು ಏರಿಸಿ ಅಚ್ಚಿಟ್ಟವು. ಎದೆಯಲ್ಲಿ ಸ್ವಲ್ಪ ಉರಿ ಕಂಡವರೂ, ಏನೂ ಕಾಣದವರೂ, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲುಗಟ್ಟಿದರು. ನಿಜವಾಗಿ ನರಳುತ್ತಿದ್ದವರು ಆ ಸಾಲಿನಲ್ಲಿ ಹಿಂದೆ ಬಿದ್ದಿದ್ದರೆ ಅದರ ಹೊಣೆ ಯಾರದು?

ಅದೇ ದಿನಗಳಲ್ಲಿ ನಮ್ಮ ಬೀದಿಯಲ್ಲೂ ಒಂದು ಸಾವಾಯಿತು. ಅರವತ್ತು ದಾಟಿದವರು, ಬಹುಕಾಲದ ಸಕ್ಕರೆ ರೋಗ, ಬೀಡಿಯ ಅಭ್ಯಾಸ. ಸೂತಕದ ಮನೆಯಲ್ಲಿ ಕುಳಿತಿದ್ದ ನಾಲ್ಕಾರು ಮಂದಿಯಲ್ಲಿ ಒಬ್ಬರು, “ಕೋವಿಡ್ ಲಸಿಕೆ ಹಾಕಿಸಿದ್ದರೇನು?” ಎಂದು ಕೇಳಿದರು. ಎರಡು ಸಲ ಹಾಕಿಸಿದ್ದರೆಂದು ಉತ್ತರ ಬಂತು. “ಹಾಗಾದರೆ ಅದೇ” ಎಂದು ಅವರು ನಿಟ್ಟುಸಿರಿಟ್ಟರು. ಉಪಾಧ್ಯಾಯ ವೃತ್ತಿಯಲ್ಲಿ ಮೂವತ್ತು ವರ್ಷ ಕಳೆದ ನಾನೂ ಅಲ್ಲಿದ್ದೆ. ಸಂದರ್ಭಕ್ಕೆ ತಕ್ಕ ಮರ್ಯಾದೆಯೆಂದು ತಲೆದೂಗಿದೆ. ಮೂಲೆಯಲ್ಲಿ ಕುಳಿತಿದ್ದ ಆ ಮನೆಯ ಯಜಮಾನಿತಿಯ ಮುಖವನ್ನು ಆಗ ನಾನು ಗಮನಿಸಲಿಲ್ಲ. ಗಂಡನು ಬೇಡವೆಂದರೂ ಒತ್ತಾಯಮಾಡಿ ಲಸಿಕೆಗೆ ಕರೆದೊಯ್ದವರು ಆಕೆಯೇ ಎಂಬುದು ನನಗೆ ತಿಳಿದದ್ದು ಅನಂತರ.

ಈಗ ಆ ಸುದ್ದಿಯನ್ನು ಬಿಡಿಸಿ ನೋಡೋಣ. ಮೊದಲನೆಯದು ಎಣಿಕೆಯ ಮಾತು. ಇಪ್ಪತ್ತಕ್ಕೂ ಹೆಚ್ಚು ಎಂಬ ಸಂಖ್ಯೆ ಭಯಂಕರವೆಂದು ತೋರುತ್ತದೆ. ಆದರೆ ಎಷ್ಟರಲ್ಲಿ ಎಷ್ಟು ಎಂದು ಕೇಳದೆ ಯಾವ ಸಂಖ್ಯೆಗೂ ಅರ್ಥವಿಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಜನಸಂಖ್ಯೆ 17 ಲಕ್ಷ 76 ಸಾವಿರ. ವರ್ಷಕ್ಕೆ ಸಾವಿರ ಮಂದಿಗೆ ಆರು ಮರಣವೆಂದು ಹಿಡಿದರೂ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಮೀರಿ, ತಿಂಗಳಿಗೆ ಎಂಟುನೂರಕ್ಕೆ ಮೀರಿ ಸಾವುಗಳಾಗುತ್ತವೆ. ನಮ್ಮ ದೇಶದ ಮರಣಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಹೃದಯ ಮತ್ತು ರಕ್ತನಾಳಗಳ ರೋಗದಿಂದ ಆಗತಕ್ಕದ್ದು. ಈ ಲೆಕ್ಕದಂತೆ ಯಾವ ಗದ್ದಲವೂ ಇಲ್ಲದ ತಿಂಗಳಿನಲ್ಲಿಯೂ ಇಂಥ ಸಾವುಗಳು ಜಿಲ್ಲೆಯಲ್ಲಿ ಇನ್ನೂರರ ಆಸುಪಾಸಿನಲ್ಲಿರಬೇಕು. ಅವು ಹಿಂದೆಯೂ ಆಗುತ್ತಿದ್ದವು; ಯಾರೂ ಸಾಲಾಗಿ ಜೋಡಿಸಿ ಎಣಿಸುತ್ತಿರಲಿಲ್ಲ, ಅಷ್ಟೆ. ಹಾಗೆಂದು ತರುಣರ ಸಾವನ್ನು ಅಲಕ್ಷಿಸಬಹುದೆಂದು ಅರ್ಥವಲ್ಲ. ಹಿಂದಿನ ವರ್ಷಗಳಿಗಿಂತ ಅದು ಹೆಚ್ಚಿತೇ ಎಂಬುದೇ ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಆಸ್ಪತ್ರೆಯ ದಾಖಲೆಗಳಲ್ಲಿ ಉಂಟು, ಬಸ್ ನಿಲ್ದಾಣದ ಮಾತಿನಲ್ಲಿ ಇಲ್ಲ.

ಎರಡನೆಯದು ಕಾರಣದ ಮಾತು. ಕಾಗೆ ಬಂದು ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಗಂಟು ಹಾಕುವುದನ್ನು ನಮ್ಮವರು ಕಾಕತಾಳೀಯವೆಂದು ಕರೆದರು. 2021ರಿಂದ ಮುಂದೆ ದೇಶದ ವಯಸ್ಕರಲ್ಲಿ ಬಹುಪಾಲು ಮಂದಿ ಲಸಿಕೆ ಹಾಕಿಸಿಕೊಂಡವರೇ ಆಗಿರುವಾಗ, ಅನಂತರ ಮೃತರಾದವರಲ್ಲಿ ಬಹುಪಾಲು ಮಂದಿ ಲಸಿಕೆ ಪಡೆದವರಾಗಿರುವುದು ಸಹಜ. ಅವರೆಲ್ಲರೂ ಅನ್ನವನ್ನೂ ಉಂಡಿದ್ದರು. ಲಸಿಕೆಯನ್ನು ಸಂದೇಹಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕೆಲವು ಲಸಿಕೆಗಳಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಯಾಗಬಹುದೆಂಬುದು 2021ರಲ್ಲಿಯೇ ವೈದ್ಯಲೋಕಕ್ಕೆ ತಿಳಿದ ಸಂಗತಿ. ಅದನ್ನು ಮುಚ್ಚಿ, ಯಾವ ದೋಷವೂ ಇಲ್ಲವೆನ್ನುವುದು ಇನ್ನೊಂದು ಬಗೆಯ ಅಸತ್ಯ. ಆದರೆ ಸಂದೇಹವು ಪ್ರಶ್ನೆ. ಅದನ್ನೇ ಉತ್ತರವೆಂದು ಹಂಚಬಾರದು.

ಈ ಪ್ರಶ್ನೆಯನ್ನು ಕ್ರಮವಾಗಿ ಕೇಳಿದವರೂ ಇದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2023ರಲ್ಲಿ 47 ಆಸ್ಪತ್ರೆಗಳ ಮೂಲಕ, 18ರಿಂದ 45 ವರ್ಷದೊಳಗಿನವರ ಹಠಾತ್ ಮರಣಗಳನ್ನು, ಅದೇ ವಯಸ್ಸಿನ ಬದುಕಿರುವವರೊಡನೆ ಹೋಲಿಸಿ ಪರೀಕ್ಷಿಸಿತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹಿಂದೆ ಕೋವಿಡ್ ತೀವ್ರವಾಗಿ ಆಸ್ಪತ್ರೆ ಸೇರಿದ್ದುದು, ವಂಶದಲ್ಲಿ ಹಠಾತ್ ಮರಣಗಳಾಗಿದ್ದುದು, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ಮಿತಿಮೀರಿ ಮದ್ಯಪಾನ ಮಾಡಿದ್ದುದು ಅಥವಾ ದೇಹವನ್ನು ವಿಪರೀತವಾಗಿ ದಂಡಿಸಿದ್ದುದು—ಇಂಥವು ಅಪಾಯದ ಜೊತೆ ಸೇರಿದ್ದುವು. ಇಲ್ಲಿ ಗಮನಿಸತಕ್ಕದ್ದು ಫಲಿತಾಂಶಕ್ಕಿಂತ ಕ್ರಮ: ಸತ್ತವರನ್ನು ಮಾತ್ರ ನೋಡದೆ ಬದುಕಿರುವವರನ್ನೂ ನೋಡಿದರು. ಸೂತಕದ ಮನೆಯಲ್ಲಿ ನಾವು ಮಾಡದಿದ್ದುದು ಇದನ್ನೇ.

ರಾಜಕೀಯವು ಈ ವಿಷಯಕ್ಕೆ ಪ್ರವೇಶಿಸಿದ್ದು 2025ರ ಜುಲೈ ಮೊದಲ ದಿನ. ಅಂದು ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರು, ಜಯದೇವ ಸಂಸ್ಥೆಯ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದ ತಜ್ಞರ ಸಮಿತಿ ಹತ್ತು ದಿನಗಳಲ್ಲಿ ವರದಿ ಕೊಡಬೇಕೆಂದು ತಿಳಿಸಿದರು. ಇದು ಸರಿಯಾದ ಮಾರ್ಗ. ಆದರೆ ಅದೇ ಹೇಳಿಕೆಯಲ್ಲಿ, ಲಸಿಕೆಗೆ ಅವಸರವಾಗಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದೆಂದು ಸೂಚಿಸಿದರು. ಮಾರನೆಯ ದಿನ ಕೇಂದ್ರದ ಆರೋಗ್ಯ ಇಲಾಖೆ ಅಂಥ ಸಂಬಂಧವಿಲ್ಲವೆಂದು ಪ್ರಕಟಿಸಿತು. ಕೂಡಲೇ ಊರು ಎರಡಾಯಿತು. ಒಂದು ಪಕ್ಷಕ್ಕೆ ಒಲಿದವರಿಗೆ ಲಸಿಕೆ ವಿಷವಾಯಿತು, ಇನ್ನೊಂದಕ್ಕೆ ಒಲಿದವರಿಗೆ ಅಮೃತವಾಯಿತು. ಯಾರು ಹೇಳಿದರೆಂದು ತಿಳಿದುಕೊಂಡ ಮೇಲೆ ಏನು ಹೇಳಿದರೆಂಬುದನ್ನು ತೂಗಿದ್ದಾಯಿತು. ವರದಿ ಬರುವವರೆಗೆ ಹತ್ತು ದಿನ ಬಾಯಿ ಮುಚ್ಚಿಕೊಂಡಿರುವುದು ನಮ್ಮಲ್ಲಿ ಬಹುಮಂದಿಗೆ ಸಾಧ್ಯವಾಗಲಿಲ್ಲ.

ವರದಿ ಬಂದಾಗ ಅದು ಯಾವ ಪಕ್ಷದ ಘೋಷಣೆಗೂ ಹೊಂದುವಷ್ಟು ಅಚ್ಚುಕಟ್ಟಾಗಿರಲಿಲ್ಲ. ಸತ್ಯವು ಸಾಮಾನ್ಯವಾಗಿ ಹಾಗಿರುವುದಿಲ್ಲ. ಹೃದಯಾಘಾತವೆಂದು ಸುದ್ದಿಯಾಗಿದ್ದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಪಟ್ಟುವೇ ಅಲ್ಲ. ಉಳಿದ ಇಪ್ಪತ್ತರಲ್ಲಿ ಕೆಲವಕ್ಕೆ ದಾಖಲೆಯ ಆಧಾರವಿತ್ತು. ಕೆಲವನ್ನು ಹೃದ್ರೋಗದಿಂದ ಆಗಿರಬಹುದಾದುವು ಎಂದಷ್ಟೇ ಹೇಳಲು ಸಾಧ್ಯವಾಯಿತು, ಏಕೆಂದರೆ ಶವಪರೀಕ್ಷೆ ನಡೆದಿರಲಿಲ್ಲ. ಜಿಲ್ಲೆಯಲ್ಲಿ ಹೃದಯಾಘಾತ ಹಠಾತ್ತಾಗಿ ಹೆಚ್ಚಿತೆನ್ನಲು ಆಧಾರ ಕಾಣಲಿಲ್ಲ. ಲಸಿಕೆಯೊಡನೆ ಸಂಬಂಧವೂ ಕಾಣಲಿಲ್ಲ. ಕಂಡದ್ದು ರಕ್ತದೊತ್ತಡ, ಸಕ್ಕರೆ ರೋಗ, ಧೂಮಪಾನ ಮೊದಲಾದ ಹಳೆಯ ಶತ್ರುಗಳು. ನಲವತ್ತೈದರೊಳಗಿನವರು ಆಸ್ಪತ್ರೆಯ ಹೊರಗೆ ಕಾರಣ ತಿಳಿಯದೆ ಹಠಾತ್ತನೆ ಮೃತರಾದರೆ ಶವಪರೀಕ್ಷೆಯಾಗಬೇಕೆಂದು ಸರ್ಕಾರ ಆ ತಿಂಗಳಲ್ಲೇ ತೀರ್ಮಾನಿಸಿತು. ‘ಅಂತೆ’ಯ ಜಾಗಕ್ಕೆ ‘ಇದೆ’ಯನ್ನು ತರುವ ಪ್ರಯತ್ನವಿದು.

ರಾಜಕೀಯದ ಮಾತನ್ನು ಹೀಗೆ ಜರಡಿಯಾಡುವವರು ಮನೆಯ ನಂಬಿಕೆಗಳ ಮುಂದೆ ನಿಂತಾಗ ಏನು ಮಾಡಬೇಕು? ನಮ್ಮ ಹಾಸನಾಂಬೆಯ ಗುಡಿಯ ಬಾಗಿಲು ಆಶ್ವಯುಜ ಮಾಸದಲ್ಲಿ ವರ್ಷಕ್ಕೊಮ್ಮೆ ಕೆಲವು ದಿನ ತೆರೆಯುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರದೆ, ಮುಡಿಸಿದ ಹೂ ಬಾಡದೆ ಇರುತ್ತದೆಂಬುದು ಬಹುಕಾಲದ ಮಾತು. ಇಲ್ಲಿ ಎರಡು ಬೇರೆ ವಾಕ್ಯಗಳಿವೆಯೆಂಬುದನ್ನು ಕಾಣಬೇಕು. ತಾಯಿ ಈ ಊರನ್ನು ಕಾಯುತ್ತಾಳೆಂಬುದು ಭಕ್ತಿಯ ವಾಕ್ಯ. ಅದು ಬಾಳುವ ರೀತಿಯನ್ನು ಹೇಳುತ್ತದೆ, ಎಣ್ಣೆಯ ಲೆಕ್ಕವನ್ನಲ್ಲ. ದೀಪ ವರ್ಷವಿಡೀ ಉರಿಯಿತೆಂಬುದು ಎಣ್ಣೆ, ಬತ್ತಿ, ಗಾಳಿಗಳ ವಿಷಯವಾದ ವಾಕ್ಯ. ಅದಕ್ಕೆ ಸಾಕ್ಷಿ ಬೇಕು, ಮುಚ್ಚಿದ ಬಾಗಿಲು ಸಾಕ್ಷಿಯಾಗಲಾರದು. ಎರಡನೆಯದನ್ನು ಪ್ರಶ್ನಿಸಿದರೆ ಮೊದಲನೆಯದು ಕುಸಿಯುತ್ತದೆಂದು ಹೆದರುವವರು ಭಕ್ತಿಯ ಬಲವನ್ನು ಕಡಿಮೆಯೆಂದೆಣಿಸಿದವರು. ಪ್ರಶ್ನಿಸಿದ ಮಾತ್ರಕ್ಕೆ ಮೊದಲನೆಯದನ್ನೂ ಗೆದ್ದೆವೆಂದು ಬೀಗುವವರು ತರ್ಕದ ಎಲ್ಲೆಯನ್ನು ಮರೆತವರು.

ಅಭಿಪ್ರಾಯವನ್ನು ಬದಲಿಸುವುದು ಅವಮಾನವಲ್ಲವೆಂಬುದಕ್ಕೂ ನಮ್ಮ ಜಿಲ್ಲೆಯಲ್ಲೇ ನಿದರ್ಶನವುಂಟು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಭದ್ರಬಾಹು ಮುನಿಗಳೊಡನೆ ಮೌರ್ಯ ಚಂದ್ರಗುಪ್ತನು ಬಂದು ದೇಹತ್ಯಾಗ ಮಾಡಿದನೆಂಬುದು ಜೈನ ಪರಂಪರೆಯ ಕಥನ. ಚಿಕ್ಕಬೆಟ್ಟದ ಅತ್ಯಂತ ಹಳೆಯ ಶಾಸನವು ಸುಮಾರು ಕ್ರಿ.ಶ. 600ರದು, ಎಂದರೆ ಆ ಘಟನೆಗೆ ಸುಮಾರು ಒಂಬತ್ತು ಶತಮಾನಗಳ ಈಚಿನದು. ಇಲ್ಲಿನ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದ ರೈಸ್ ಮಹಾಶಯರು ಪರಂಪರೆಯನ್ನು ಒಪ್ಪಿದರು, ಫ್ಲೀಟರು ಆಕ್ಷೇಪಿಸಿದರು, ವಿನ್ಸೆಂಟ್ ಸ್ಮಿತ್ತರು ಮೊದಲು ತಳ್ಳಿಹಾಕಿ, ಆಮೇಲೆ ಒಪ್ಪುವ ಕಡೆಗೆ ವಾಲಿದರು. ಸ್ಮಿತ್ತರನ್ನು ಅದಕ್ಕಾಗಿ ಯಾರೂ ಪಕ್ಷಾಂತರಿಯೆಂದು ಜರೆಯಲಿಲ್ಲ. ಕಲ್ಲು ಏನು ಹೇಳುತ್ತದೆ, ಕಲ್ಲು ಹೇಳಿದ್ದು ನಡೆದಿತ್ತೇ ಎಂಬ ಎರಡು ಪ್ರಶ್ನೆಗಳನ್ನು ವಿದ್ವಾಂಸರು ಬೇರೆಬೇರೆಯಾಗಿಟ್ಟರು. ಕೈಯಲ್ಲಿರುವ ಮೊಬೈಲಿನ ವಾರ್ತೆಯ ವಿಷಯದಲ್ಲಿಯೂ ನಾವು ಕೇಳಬೇಕಾದುವು ಇವೇ ಎರಡು.

ತಜ್ಞರ ವರದಿ ಪ್ರಕಟವಾದ ಕೆಲವು ವಾರಗಳ ಮೇಲೆ ಆ ನೆರೆಮನೆಗೆ ಹೋದೆ. ಆಕೆ ಊಟವನ್ನು ಕಡಿಮೆ ಮಾಡಿದ್ದರು. ಮಕ್ಕಳೊಡನೆಯೂ ಮಾತು ಅಷ್ಟಕ್ಕಷ್ಟೆ. ನನಗೆ ತಿಳಿದಷ್ಟನ್ನು ನಿಧಾನವಾಗಿ ಹೇಳಿದೆ. ಅವರ ಯಜಮಾನರಿಗೆ ಏನಾಗಿತ್ತೆಂದು ನಿಶ್ಚಯವಾಗಿ ನಾನು ಹೇಳಲಾರೆನೆಂದೂ, ಆದರೆ ಆಕೆ ತಮ್ಮ ಮೇಲೆ ಹೊರಿಸಿಕೊಂಡಿರುವ ಅಪರಾಧಕ್ಕೆ ಆಧಾರವಿಲ್ಲವೆಂದೂ ತಿಳಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ಅವತ್ತು ನೀವು ಅಲ್ಲೇ ಇದ್ದಿರಲ್ಲ. ಒಬ್ಬರಾದರೂ ‘ಗೊತ್ತಿಲ್ಲ’ ಅಂದಿದ್ದರೆ ಸಾಕಾಗಿತ್ತು” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಸುಳ್ಳಾಡಬಾರದೆಂದು ಮಕ್ಕಳಿಗೆ ಕಲಿಸುತ್ತೇವೆ. ತಿಳಿಯದುದನ್ನು ತಿಳಿದಂತೆ ಆಡಬಾರದೆಂದು ನಾವೇ ಕಲಿತಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮದೇ. ಕಾಣದುದರ ವಿಷಯದಲ್ಲಿ ಕನಿಷ್ಠ ಪಕ್ಷ ಆ ಎರಡಕ್ಷರವನ್ನಾದರೂ ಉದುರಿಸದೆ ಮುಂದಿನವರಿಗೆ ಒಪ್ಪಿಸೋಣ. ತೀರ್ಮಾನವನ್ನು ತಡೆಹಿಡಿದು “ಗೊತ್ತಿಲ್ಲ” ಎನ್ನುವುದು ಅಜ್ಞಾನವಲ್ಲ. ಎದುರಿಗೆ ಕುಳಿತವರ ವಿಷಯದಲ್ಲಿ ನಾವು ತೋರಬಹುದಾದ ದಯೆಯೂ ಅದೇ.