ಒಳಗೆ ಬರಲು ಹದಿನೈದು, ಹೊರಗೆ ಹೋಗಲು ಇಪ್ಪತ್ತು

"ನೀನಿನ್ನೂ ಚಿಕ್ಕವಳು, ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬೇಡ." "ಇಷ್ಟು ದೊಡ್ಡವಳಾಗಿದ್ದೀಯ, ಒಂದು ಅನ್ನ ಬಸಿಯಲು ಬರುವುದಿಲ್ಲವೆ?" ಈ ಎರಡು ಮಾತನ್ನೂ ಒಂದೇ ದಿನ, ಒಂದೇ ಬಾಯಿಂದ ಕೇಳದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆ. ನಮ್ಮ ವಯಸ್ಸು ಜಾತಕದಲ್ಲಿ ಬರೆದಷ್ಟು ಇರುತ್ತಿರಲಿಲ್ಲ. ಹೇಳುವವರಿಗೆ ಎಷ್ಟು ಬೇಕೋ ಅಷ್ಟು ಇರುತ್ತಿತ್ತು.

ಮನೆಯ ಮಾತು, ಹೇಳಿದವರೂ ಸಂಜೆಯೊಳಗೆ ಮರೆಯುತ್ತಿದ್ದರು. ಆದರೆ ಇದೇ ಎರಡು ಮಾತು ಅಚ್ಚಾದ ನಿಯಮವಾಗಿ ಒಬ್ಬ ಹುಡುಗನ ಬದುಕಿಗೆ ಅಡ್ಡ ಬಂದರೆ ಹೇಗಿರುತ್ತದೆ? ಕೆನಡಾ ದೇಶದ ಐಸ್ ಹಾಕಿಯ ನಿಯಮವೊಂದನ್ನು ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇದು ನಮ್ಮ ಕೊಡಗಿನ ಮೈದಾನಗಳಲ್ಲಿ ಆಡುವ ಹಾಕಿಯಲ್ಲ. ಕಾಲಿಗೆ ಅಲಗಿನ ಬೂಟು ಹಾಕಿಕೊಂಡು, ಹಿಮಗಡ್ಡೆಯ ನೆಲದ ಮೇಲೆ ಜಾರುತ್ತ, ಮೈಗೆ ಮೈ ಗುದ್ದಿ ಆಡುವ ಆಟ. ಅಲ್ಲಿ 16ರಿಂದ 20ರ ಹುಡುಗರಿಗೆಂದೇ ಕೆನೇಡಿಯನ್ ಹಾಕಿ ಲೀಗ್ ಇದೆ. ಅದರಡಿ ಮೂರು ಲೀಗುಗಳು, 60ಕ್ಕೂ ಹೆಚ್ಚು ತಂಡಗಳು. ಇದು ಕೆಳಗಿನ ಮೆಟ್ಟಿಲು. ಮೇಲಿನದು ನ್ಯಾಷನಲ್ ಹಾಕಿ ಲೀಗ್, ಕೋಟಿಗಟ್ಟಲೆ ಹಣದ ಜಗತ್ತು. ನಡುವೆ ಇರುವುದು ಅಮೆರಿಕನ್ ಹಾಕಿ ಲೀಗ್. ದೊಡ್ಡ ತಂಡಗಳು ತಮ್ಮ ಎಳೆಯ ಆಟಗಾರರನ್ನು ಸಂಬಳ ಕೊಟ್ಟು ಪಳಗಿಸುವ ಜಾಗ ಅದು.

ಹುಡುಗನಿಗೆ 18 ಆಗುವ ಹೊತ್ತಿಗೆ ದೊಡ್ಡ ತಂಡ ಅವನನ್ನು ಆರಿಸಿಕೊಳ್ಳಬಹುದು. ಆದರೆ ಲೀಗುಗಳು ತಮ್ಮೊಳಗೆ ಮಾಡಿಕೊಂಡು ಬಹಳ ವರ್ಷ ನಡೆಸಿಕೊಂಡು ಬಂದ ಒಪ್ಪಂದವೊಂದಿತ್ತು. ಆ ವರ್ಷದ ಡಿಸೆಂಬರ್ 31ರೊಳಗೆ ಅವನಿಗೆ 20 ತುಂಬಬೇಕಿತ್ತು, ಇಲ್ಲವೆ ಜೂನಿಯರ್ ಲೀಗಿನಲ್ಲಿ ನಾಲ್ಕು ಸೀಸನ್ ಮುಗಿದಿರಬೇಕಿತ್ತು. ಅಲ್ಲಿಯವರೆಗೆ ನಡುವಿನ ಮೆಟ್ಟಿಲಿಗೆ ಕಾಲಿಡುವಂತಿರಲಿಲ್ಲ. ಒಂದೋ ನೇರ ಮೇಲಕ್ಕೆ ಹಾರಬೇಕಿತ್ತು, ಇಲ್ಲವೇ ಕೆಳಕ್ಕೆ ಮರಳಬೇಕಿತ್ತು.

ಶೇನ್ ರೈಟ್ ಎಂಬ ಹುಡುಗನ ಕಥೆ ಕೇಳಿ. 2019ರಲ್ಲಿ ಅವನಿಗೆ 15 ವರ್ಷ. ಜೂನಿಯರ್ ಲೀಗಿಗೆ ಆ ವಯಸ್ಸು ಸಾಲದು. ಆದರೆ ಆಟದಲ್ಲೂ ನಡತೆಯಲ್ಲೂ ಇವನು ವಯಸ್ಸಿಗೆ ಮೀರಿದವನೆಂದು ವಿಶೇಷ ಅನುಮತಿ ಕೊಟ್ಟು ಒಂಟಾರಿಯೊ ಲೀಗಿಗೆ ಸೇರಿಸಿಕೊಂಡರು. 2022ರಲ್ಲಿ ಸಿಯಾಟಲ್ ತಂಡ ನಾಲ್ಕನೆಯ ಆಯ್ಕೆಯಾಗಿ ಅವನನ್ನು ಆರಿಸಿಕೊಂಡಿತು. ಅಲ್ಲಿ ಅವನು ಬಹಳ ಪಂದ್ಯಗಳಲ್ಲಿ ಆಡದೆ ಕೂತ. ನಿಯಮದಲ್ಲಿದ್ದ ಸಣ್ಣ ಸಂದೊಂದರಿಂದ, ಕೆಲವೇ ದಿನಗಳ ಮಟ್ಟಿಗೆ, ನಡುವಿನ ಲೀಗಿಗೆ ಕಳಿಸಿದರು. ಐದು ಪಂದ್ಯಗಳಲ್ಲಿ ನಾಲ್ಕು ಗೋಲು ಹೊಡೆದ! ಆದರೂ ಅಲ್ಲಿ ಉಳಿಯುವಂತಿರಲಿಲ್ಲ, ಜೂನಿಯರ್‌ಗೇ ವಾಪಸಾಗಬೇಕಾಯಿತು. ಸಾಂಕ್ರಾಮಿಕದ ಕಾಲದಲ್ಲಿ ಅವನ ಲೀಗಿನ ಒಂದು ಇಡೀ ಸೀಸನ್ ನಡೆದೇ ಇರಲಿಲ್ಲವೆಂಬ ಕಾರಣಕ್ಕೆ 2023ರಲ್ಲಿ ವಿನಾಯಿತಿ ಸಿಕ್ಕಿತು.

ಒಳಗೆ ಬರುವಾಗ 15 ಸಾಕಾಯಿತು. ಹೊರಗೆ ಹೋಗುವಾಗ 18 ಸಾಲದಾಯಿತು. ಹುಡುಗ ಅದೇ. ಹಾಗಾದರೆ ಅಳೆಯುತ್ತಿದ್ದುದು ಅವನ ವಯಸ್ಸನ್ನೆ?

ನಿಯಮದ ಪರವಾಗಿ ಹೇಳುವ ಮಾತು ಇದೆ: ನಡುವಿನ ಲೀಗಿನಲ್ಲಿ ಮೂವತ್ತು ದಾಟಿದ ಗಂಡಸರೂ ಆಡುತ್ತಾರೆ, ಎಳೆಯ ಮೈಗೆ ಪೆಟ್ಟಾದೀತು. ತಾಯಿಯಾದವಳು ಇದನ್ನು ತಳ್ಳಿಹಾಕಲಾರಳು. ಆದರೆ ಸ್ವೀಡನ್ನಿನ ತಂಡದಿಂದ ಆರಿಸಿ ತಂದ 18ರ ಹುಡುಗ ಅದೇ ಲೀಗಿನಲ್ಲಿ ಆಡಬಹುದು. ಅವನ ಮೂಳೆಗೇನು ಕಬ್ಬಿಣದ ಕಟ್ಟು ಹಾಕಿದೆಯೆ? ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬನನ್ನು ಮಾತ್ರ ತಡೆಯುವ ನಿಯಮ ವಯಸ್ಸಿನ ನಿಯಮವಲ್ಲ.

ನಿಜವಾದ ಕಾರಣ ಬೇರೆ, ಅದೂ ತುಚ್ಛವಾದದ್ದೇನಲ್ಲ. ಸ್ವಿಫ್ಟ್ ಕರೆಂಟ್ ಎಂಬುದು ಸುಮಾರು 17 ಸಾವಿರ ಜನರ ಊರು. ಅಲ್ಲಿಯ ದೀರ್ಘ ಚಳಿಗಾಲದಲ್ಲಿ ಊರಿಗೆ ಊರೇ ಸೇರುವುದು ಈ ಹುಡುಗರ ಆಟ ನೋಡಲು. ಆಟಕ್ಕಾಗಿ ಹದಿನಾರರಲ್ಲೇ ಮನೆ ಬಿಟ್ಟು ಬಂದವರನ್ನು ಊರಿನ ಸಂಸಾರಗಳು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತವೆ. ಹಿಂದೆ ನಮ್ಮಲ್ಲಿ ವಾರಾನ್ನಕ್ಕೆ ಬರುತ್ತಿದ್ದ ಹುಡುಗರಿಗೆ ಬಡಿಸುತ್ತಿದ್ದ ತಾಯಂದಿರ ಹಾಗೆ ಅಲ್ಲಿಯ ಹೆಂಗಸರೂ ಇವರಿಗೆ ಅಡುಗೆ ಮಾಡಿ ಹಾಕುತ್ತಾರೆ, ಜ್ವರ ಬಂದರೆ ರಾತ್ರಿ ಎದ್ದು ನೋಡುತ್ತಾರೆ. ಇಷ್ಟೆಲ್ಲ ಮಾಡಿ ಬೆಳೆಸಿದ ಒಳ್ಳೆಯ ಆಟಗಾರ, ಆಟ ಕಳೆಗಟ್ಟುವ ಹೊತ್ತಿಗೇ ಹೊರಟುಹೋದರೆ ಊರಿಗೆ ನೋವಾಗದೆ? ತಂಡಕ್ಕೆ ಟಿಕೇಟಿನ ಹಣದ ನಷ್ಟ, ಅದೂ ಸುಳ್ಳಲ್ಲ.

ಹಾಗಿದ್ದರೆ ಅದನ್ನೇ ಹೇಳಬೇಕು. "ನೀನು ನಮಗೆ ಬೇಕು, ಇನ್ನೊಂದು ವರ್ಷ ಇರು" ಎಂದು ಕೇಳಬೇಕು. ಕೇಳಿದವರಿಗೆ "ಇಲ್ಲ" ಅನ್ನಿಸಿಕೊಳ್ಳುವ ಭಯ ಇರುತ್ತದೆ. ನಿಯಮ ಮಾಡಿದವರಿಗೆ ಆ ಭಯ ಇಲ್ಲ. "ನಿನ್ನ ಒಳ್ಳೆಯದಕ್ಕೇ" ಎಂದುಬಿಟ್ಟರೆ ಹುಡುಗ ಎದುರಾಡುವಂತೆಯೂ ಇಲ್ಲ. ಎದುರಾಡಿದರೆ, ನೋಡಿ, ಇನ್ನೂ ಬುದ್ಧಿ ಬಲಿತಿಲ್ಲ!

2025ರಲ್ಲಿ ದೊಡ್ಡ ಲೀಗೂ ಆಟಗಾರರ ಸಂಘವೂ ಒಪ್ಪಿದ ಹೊಸ ಒಪ್ಪಂದದಲ್ಲಿ, ತಂಡಕ್ಕೆ ಒಬ್ಬ 19ರ ಹುಡುಗನನ್ನು ನಡುವಿನ ಲೀಗಿಗೆ ಬಿಡುವ ಮಾತು ಬಂತು. ಬೇಲಿಯಲ್ಲಿ ಒಂದು ಕಂಡಿಯಾಯಿತು, ಅಷ್ಟಾದರೂ ಸಂತೋಷ. ಆದರೆ ತಂಡಕ್ಕೆ ಒಬ್ಬನೇ ಏಕೆ? ಇಬ್ಬರಿದ್ದರೆ ಎರಡನೆಯವನ ಮೈ ಎಳೆಯದೆ? ಹುಡುಗನ ಹಿತಕ್ಕೆ ಹಾಕಿದ ಗೆರೆಯಾದರೆ ಅದು ಎಣಿಕೆಯ ಮೇಲೆ ನಿಲ್ಲುತ್ತಿರಲಿಲ್ಲ.

ಇಷ್ಟೆಲ್ಲ ಬರೆಯುವ ನಾನೇನು ಬೇರೆಯವಳಲ್ಲ. ನನ್ನ ಮಗಳು ಹತ್ತನೆಯ ತರಗತಿ ಮುಗಿಸಿ, ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತೇನೆ ಎಂದಳು. "ಇನ್ನೂ ಚಿಕ್ಕವಳು, ಒಬ್ಬಳೇ ಹೇಗಿರುತ್ತೀಯೆ" ಎಂದು ತಡೆದೆ. ಅದೇ ವರ್ಷ ನನಗೆ ಸೊಂಟ ಹಿಡಿದು ಮೂರು ವಾರ ಮಲಗಿದಾಗ ಹಾಲಿನವನ ಲೆಕ್ಕದಿಂದ ಅತ್ತೆಯವರ ಮಾತ್ರೆಯವರೆಗೆ ಮನೆ ನಡೆಸಿದವಳು ಅವಳೇ. ಆಗ ಅವಳು ಚಿಕ್ಕವಳೆಂದು ನನಗೆ ಒಂದು ದಿನವೂ ಅನಿಸಲಿಲ್ಲ. ಮನೆ ಬರಿದಾಗುತ್ತದೆಂಬ ಭಯ ನನ್ನದು. ಅದಕ್ಕೆ ಅವಳ ವಯಸ್ಸಿನ ಹೆಸರು ಕೊಟ್ಟಿದ್ದೆ.

ಮೊನ್ನೆ ಅವಳು ತನ್ನ ಮಗನನ್ನು ಕರೆದುಕೊಂಡು ಬಂದಾಗ, ತಡವಾದರೂ ಸರಿ ಎಂದು, ಇದನ್ನು ಹೇಳಿಬಿಟ್ಟೆ. ಅವಳು ಕಾಫಿ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ನನಗೆ ನೀನು ಬೇಕು ಅಂತ ಆಗಲೇ ಹೇಳಿದ್ದಿದ್ದರೆ ನಾನಾಗಿಯೇ ಉಳಿಯುತ್ತಿದ್ದೆನಮ್ಮ."