ಸ್ವಂತ ಊರು

2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲಿನಲ್ಲಿ ಗುಡ್ಡ ಜರಿದ ಮೇಲೆ, ಸಕಲೇಶಪುರದ ಕಡೆ ಎಲ್ಲಿ ರಸ್ತೆಗೆಂದು ಧರೆ ಕಡಿದಿದ್ದರೂ ಒಂದು ಗಳಿಗೆ ನಿಂತು ನೋಡುವುದು ನನಗೆ ಅಭ್ಯಾಸವಾಗಿದೆ. ಮೇಲೆ ಗೇಣುದ್ದ ಕಪ್ಪು ಮಣ್ಣು, ಅದರಡಿ ಕೆಮ್ಮಣ್ಣು, ಕೆಲವೆಡೆ ನಡುವೆ ಬೆಣಚುಕಲ್ಲಿನ ಚೂರುಗಳ ಸಾಲು, ತಳದಲ್ಲಿ ಕೊಳೆತ ಬಂಡೆ. ಆ ಬಂಡೆಯೇ ಸವೆದು ಮೇಲಿನ ಮಣ್ಣಾಯಿತೆಂದು ಯಾರಿಗಾದರೂ ಅನ್ನಿಸುತ್ತದೆ. ನಾನೂ ಇಷ್ಟು ವರ್ಷ ಹಾಗೆಯೇ ಪಾಠ ಮಾಡಿದೆ.

ಮಣ್ಣು ಬಲ್ಲವರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಒಂದೊಂದು ಪದರವನ್ನೂ ಬೇರೆಯಾಗಿ ತೊಳೆದು ಮರಳನ್ನು ಉಳಿಸಿಕೊಳ್ಳುತ್ತಾರೆ. ಅದನ್ನು ಬ್ರೋಮೋಫಾರ್ಮ್ ಎಂಬ ಭಾರದ ದ್ರವಕ್ಕೆ ಹಾಕಿದರೆ ಬೆಣಚು ತೇಲುತ್ತದೆ, ಜಿರ್ಕಾನ್, ಟೂರ್ಮಲಿನ್ ಮುಳುಗುತ್ತವೆ. ವಿಷದ ದ್ರವ, ನಮ್ಮ ಶಾಲೆಗಳಲ್ಲಿ ಮಾಡಿ ತೋರಿಸುವಂಥದ್ದಲ್ಲ. ಮಲೆನಾಡಿನ ಮಳೆಗೆ ಫೆಲ್ಡ್‌ಸ್ಪಾರ್ ಜೇಡಿಯಾಗಿಬಿಡುತ್ತದೆ, ಜಿರ್ಕಾನ್ ಜಗ್ಗುವುದಿಲ್ಲ. ಮುಳುಗಿದ ಕಣಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ಇವೆರಡರ ಪ್ರಮಾಣ ಎಲ್ಲ ಪದರಗಳಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೆ ಮಣ್ಣು ನಿಂತಲ್ಲೇ ಹುಟ್ಟಿದ್ದೆನ್ನಬಹುದು. ಎಲ್ಲೋ ಒಂದು ಕಡೆ ಥಟ್ಟನೆ ಬದಲಾದರೆ, ಮೇಲಿನದು ಇಳಿಜಾರಿನಲ್ಲಿ ಜಾರಿ ಬಂದದ್ದಿರಬೇಕು.

ಇದನ್ನು ಓದಿದ ರಾತ್ರಿ ನನಗೆ ಒಬ್ಬ ಹುಡುಗ ನೆನಪಾದ. ಆಲೂರಿನ ಕಡೆಯ ಕಾಫಿ ತೋಟದ ಲೈನಿನಿಂದ ಬರುತ್ತಿದ್ದವನು. ಅಜ್ಜನ ಕಾಲಕ್ಕೆ ತಮಿಳುನಾಡಿನಿಂದ ಬಂದ ಕುಟುಂಬ. ಯಾವುದೋ ಅರ್ಜಿಯಲ್ಲಿ ‘ಸ್ವಂತ ಊರು’ ಎಂಬಲ್ಲಿ ತೋಟದ ಹೆಸರು ಬರೆದಿದ್ದ. ನಾನು ಕೆಂಪು ಮಸಿಯಲ್ಲಿ ಹೊಡೆದುಹಾಕಿ, “ಅದು ಇರೋ ಜಾಗ ಕಣೋ, ಸ್ವಂತ ಊರಲ್ಲ. ಅಪ್ಪನ್ನ ಕೇಳ್ಕೊಂಡು ಬಾ” ಎಂದೆ. ತರಗತಿ ನಕ್ಕಿತು. ಮರುದಿನ ತಾನೆಂದೂ ಕಾಣದ ಊರೊಂದರ ಹೆಸರು ಬರೆದು ತಂದ. ‘ಸರಿ’ ಗುರುತು ಹಾಕಿದೆ.

ನಾನು ಹೇಳಿದ್ದು ಸುಳ್ಳೇನಲ್ಲ. ಅಜ್ಜ ಅಲ್ಲಿಂದಲೇ ಬಂದವನು. ಚುಚ್ಚುವುದೂ ಅದೇ. ನನ್ನ ಸ್ವಂತ ಊರು 1979ರಲ್ಲಿ ಮುಗಿದ ಗೊರೂರಿನ ಅಣೆಕಟ್ಟೆಯ ಹಿನ್ನೀರಿನಲ್ಲಿದೆ. ನಾನೂ ಜಾರಿ ಬಂದವಳೇ, ಆದರೆ ನನ್ನ ಅರ್ಜಿಗೆ ಯಾರೂ ಕೆಂಪು ಮಸಿ ತಾಗಿಸಲಿಲ್ಲ. ಎಲ್ಲಿಂದ ಬಂದೆ ಎಂಬುದನ್ನು ಜಿರ್ಕಾನ್ ಹೇಳೀತು. ಇಲ್ಲಿಯವನೇ ಎಂದು ಕೇಳುವ ಅಧಿಕಾರ ನನಗೆ ಕೊಟ್ಟವರಾರು? ಜಾರಿ ಬಂದ ಮಣ್ಣಿನಲ್ಲೇ ಅಲ್ಲವೇ ಕಾಫಿಯ ಬೇರು ಹರಡುವುದು. ಅದು ಮತ್ತೆ ಜಾರಿದರೆ, ಬುಡ ಕಡಿದವರನ್ನು ಬಿಟ್ಟು ಮಣ್ಣನ್ನೇ ದೂರುತ್ತೇವೆ.

ಆ ಹುಡುಗ ಈಗ ಎಲ್ಲಿದ್ದಾನೋ. ಜೂನ್ ಬಂದರೆ ಅರ್ಜಿಗಳ ಕಟ್ಟು ಮತ್ತೆ ಮೇಜಿಗೆ ಬರುತ್ತದೆ. ಆ ಒಂದು ಸಾಲನ್ನು ನಾನೀಗ ತಿದ್ದುವುದಿಲ್ಲ.