ಪಾಠ ಹೇಳಿಕೊಟ್ಟವರು ಯಾರು?

ನಿಮ್ಮ ಮನೆಯ ಮಗನೋ ಮಗಳೋ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರಬಹುದು. ತಳಮಟ್ಟದ ಸಾಮಾಜಿಕ ಪರಿವರ್ತನೆಯನ್ನು ಅರಿಯಲು ಅವರು ಕ್ಷೇತ್ರಕಾರ್ಯಕ್ಕೆಂದು ಕೊಳೆಗೇರಿಗಳಿಗೆ, ಹಳ್ಳಿಗಳಿಗೆ ಹೋಗುತ್ತಾರೆ. ಕೂಲಿ ಮುಗಿಸಿ ಬಂದ ತಾಯಿಯೊಬ್ಬಳು ಒಲೆ ಹಚ್ಚುವುದನ್ನೂ ತಡಮಾಡಿ ಅವರ ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ. ತನ್ನ ಸಾಲವನ್ನು, ಶಾಲೆ ಬಿಟ್ಟ ಮಗಳ ಸಂಕಟವನ್ನು ತೆರೆದಿಡುತ್ತಾಳೆ. ಆಕೆಯ ಮಾತು ವರದಿಯಾಗುತ್ತದೆ, ವರದಿಗೆ ಅಂಕ ದೊರೆಯುತ್ತದೆ, ಅಂಕದಿಂದ ಉದ್ಯೋಗ. ಆಕೆಗೆ ಮರಳಿ ಸಂದದ್ದೇನು?

ಅಧ್ಯಯನ ಬೇಡವೆಂದಲ್ಲ. ಅರಿವಿಲ್ಲದ ಕರುಣೆ ಎಷ್ಟೋ ಸಲ ಬಡವರಿಗೇ ಹೊರೆಯಾಗಿದೆ. ಆದರೆ ನಮ್ಮ ದೇಶದಲ್ಲಿ ಈ ವಿದ್ಯೆ ಹುಟ್ಟಿದ ಬಗೆಯನ್ನು ನೆನೆಯೋಣ. ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಮಿಷನರಿ 1926ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ, ದುಡಿಯುವ ಜನರ ನಡುವೆ, ಒಂದು ಸೇವಾಕೇಂದ್ರವನ್ನು ತೆರೆದರು. ಹತ್ತು ವರ್ಷಗಳ ತರುವಾಯ, 1936ರಲ್ಲಿ, ಅವರ ನಿರ್ದೇಶನದಲ್ಲೇ ದೇಶದ ಮೊದಲ ಸಮಾಜಕಾರ್ಯ ಶಾಲೆ ಆರಂಭವಾಯಿತು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ನೆರೆಹೊರೆಯ ಬಾಳು ಮೊದಲು, ತರಗತಿ ಆಮೇಲೆ.

ಎಮ್ಮಾವಿನ ದಾರಿಯಲ್ಲಿ ಪ್ರಭು ಯೇಸುವೂ ಮೊದಲು ಆ ಇಬ್ಬರ ದುಃಖವನ್ನು ವಿಚಾರಿಸಿದರು. ಆದರೆ ಕೇಳಿಸಿಕೊಂಡಷ್ಟಕ್ಕೇ ಬೀಳ್ಕೊಳ್ಳಲಿಲ್ಲ. ಜೊತೆಗೆ ನಡೆದರು, ಮನೆಯೊಳಗೆ ಹೋದರು, ರೊಟ್ಟಿಯನ್ನು ಮುರಿದುಕೊಟ್ಟರು.

ಬರೆದುದನ್ನು ಕಾಲೇಜಿಗೆ ಒಪ್ಪಿಸುವ ಮುನ್ನ ಆ ಜನರಿಗೇ, ಅವರ ಭಾಷೆಯಲ್ಲೇ ಓದಿಹೇಳುವುದು ಋಣ ತೀರಿಸುವ ಮೊದಲ ಹೆಜ್ಜೆ. ತಪ್ಪಿದ್ದರೆ ತಿದ್ದುವ ಹಕ್ಕು ಅವರದು.

ಘಟಿಕೋತ್ಸವದ ದಿನ ನಿಮ್ಮ ಮಗುವಿಗೆ ಸಿಹಿ ತಿನ್ನಿಸಿರಿ. ಬಳಿಕ ಮೆಲ್ಲನೆ ಕೇಳಿರಿ: “ಅಂದು ನಿನಗೆ ಪಾಠ ಹೇಳಿಕೊಟ್ಟ ಆ ತಾಯಿಯ ಹೆಸರು ನೆನಪಿದೆಯೇ? ಮತ್ತೆ ಯಾವಾಗ ಅವಳ ಮನೆಗೆ ಹೋಗುತ್ತೀಯೆ?”